ಸೇತುವೆ ಎಣಿಸಿಕೊಂಡು ನೋಡಿದ ವೆನಿಸ್

ವೆನಿಸ್‌ಗೆ ಹೊರಡುವ ಮೊದಲು ನಾನು ಹಾಕಿದ ಲೆಕ್ಕ ಒಂದೇ: ಇವರ ಬಲಮಂಡಿ ದಿನಕ್ಕೆ ಎಷ್ಟು ಸೇತುವೆಗಳನ್ನು ತಡೆದೀತು? ನೂರ ಹದಿನೆಂಟು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳಿಂದ ಹೆಣೆದ ಊರದು. ಕೆಳಗೆ ದೋಣಿ ಸಾಗಬೇಕಾದ್ದರಿಂದ ಹೆಚ್ಚಿನ ಸೇತುವೆಗಳು ಕಮಾನಾಗಿ ಮೇಲೆದ್ದಿವೆ. ಹಾಗಾಗಿ ಸೇತುವೆಯೆಂದರೆ ಅಲ್ಲಿ ಒಂದಿಷ್ಟು ಮೆಟ್ಟಿಲು ಹತ್ತಿ ಮತ್ತೆ ಅಷ್ಟೇ ಮೆಟ್ಟಿಲು ಇಳಿಯುವುದು. ಪಿಯಾತ್ಸಾಲೆ ರೋಮಾ ಎಂಬಲ್ಲಿಗೆ ರಸ್ತೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಕಾರಿಲ್ಲ, ಬಸ್ಸಿಲ್ಲ. ದಿನಕ್ಕೆ ಹತ್ತು ಸೇತುವೆ ಎಂದು ನಾನು ಮಿತಿ ಹಾಕಿದೆ. ಇವರು ಹದಿನೈದು ಎಂದರು. ಕೊನೆಗೆ ಹನ್ನೆರಡಕ್ಕೆ ಒಪ್ಪಂದವಾಯಿತು.

ಹೆಚ್ಚು ಶ್ರಮ ಬೇಡಿದ್ದು ವಸತಿಯ ಆಯ್ಕೆ. ವೆನಿಸ್‌ನಲ್ಲಿ ಮನೆಗಳ ಸಂಖ್ಯೆ ಬೀದಿಯನ್ನು ಅನುಸರಿಸುವುದಿಲ್ಲ. ಊರಿನ ಆರು ವಿಭಾಗಗಳಲ್ಲಿ ಒಂದೊಂದಕ್ಕೂ ಸಾವಿರಗಟ್ಟಲೆ ಸಂಖ್ಯೆಗಳ ಒಂದೇ ಸಾಲು ಇರುವುದರಿಂದ, ವಿಳಾಸ ನೋಡಿದ ಮಾತ್ರಕ್ಕೆ ಮನೆ ಎಲ್ಲಿದೆಯೆಂದು ತಿಳಿಯದು. ಹೀಗಾಗಿ ನಾನು ಪ್ರತಿ ಮಾಲೀಕರಿಗೂ ಬರೆದು ಎರಡೇ ಪ್ರಶ್ನೆ ಕೇಳಿದೆ: ಹತ್ತಿರದ ದೋಣಿ ನಿಲ್ದಾಣ ಯಾವುದು, ಅಲ್ಲಿಂದ ಬಾಗಿಲವರೆಗೆ ಎಷ್ಟು ಸೇತುವೆ? ಒಬ್ಬರು ಸೇತುವೆಯ ಮಾತೇ ಎತ್ತದೆ, ಐದೇ ನಿಮಿಷದ ದಾರಿಯೆಂದು ಉತ್ತರಿಸಿದರು. ನಕ್ಷೆ ತೆರೆದು ನೋಡಿದರೆ ಆ ಐದು ನಿಮಿಷದೊಳಗೆ ಮೂರು ಸೇತುವೆಗಳಿದ್ದವು. ಕೊನೆಗೆ ಕನ್ನರೇಜೊ ವಿಭಾಗದಲ್ಲಿ, ಕಾ ದೋರೊ ನಿಲ್ದಾಣದಿಂದ ಒಂದೂ ಸೇತುವೆ ದಾಟದೆ ತಲುಪಬಹುದಾದ ಕೋಣೆ ಸಿಕ್ಕಿತು. ಊರೊಳಗೇ ರಾತ್ರಿ ತಂಗುವವರಿಗೆ ಇನ್ನೊಂದು ಅನುಕೂಲವಿದೆ. ಹಗಲು ಬಂದು ಹೋಗುವವರಿಂದ ಕೆಲವು ನಿಗದಿತ ದಿನಗಳಲ್ಲಿ ವಸೂಲು ಮಾಡುವ, 2024ರಲ್ಲಿ ಆರಂಭವಾದ ಪ್ರವೇಶ ಶುಲ್ಕ ಅವರಿಗಿಲ್ಲ. ವಿನಾಯಿತಿಗಾಗಿ ಮುಂಚಿತವಾಗಿ ಹೆಸರು ನೋಂದಾಯಿಸಿದರೆ ಸಾಕು.

ಊರೊಳಗಿನ ಓಡಾಟಕ್ಕೆ ನಾವು ನೆಚ್ಚಿದ್ದು ವಪೊರೆಟ್ಟೊವನ್ನು, ಅಂದರೆ ನಗರ ಸಾರಿಗೆಯ ದೋಣಿಯನ್ನು. ನಾವು ಹೋದಾಗ 75 ನಿಮಿಷದ ಒಂದು ಟಿಕೆಟ್ಟಿಗೆ 9.50 ಯೂರೊ, ಮೂರು ದಿನದ ಪಾಸಿಗೆ 45 ಯೂರೊ ಇತ್ತು. ಮಂಡಿನೋವಿನವರಿಗೆ ಪಾಸೇ ಸರಿ, ಏಕೆಂದರೆ ಒಂದೇ ನಿಲ್ದಾಣದಷ್ಟು ದೂರಕ್ಕೂ ಹಿಂದೆಮುಂದೆ ನೋಡದೆ ಹತ್ತಬಹುದು. ನಿಲ್ದಾಣವೇ ನೀರಿನ ಮೇಲೆ ತೇಲುವ ಕಟ್ಟೆಯಾದ್ದರಿಂದ ಕಾಯುವಾಗಲೂ ಕಾಲಡಿ ಮೆಲ್ಲಗೆ ತೂಗುತ್ತದೆ. ದೋಣಿ ಬಂದೊಡನೆ ನಾವಿಕ ಹಗ್ಗದ ಕುಣಿಕೆಯನ್ನು ಕಟ್ಟೆಯ ಗೂಟಕ್ಕೆ ಎಸೆದು, ದೋಣಿಯತ್ತ ಉಳಿದ ಹಗ್ಗದ ತುದಿಯನ್ನು ಎರಡು ಸುತ್ತು ಬಿಗಿಯುತ್ತಾನೆ. ಹಗ್ಗ ಕಿರುಗುಟ್ಟಿ ಬಿಗಿದು ನಿಂತ ಮೇಲೆಯೇ ಕಬ್ಬಿಣದ ಕಂಬಿ ಸರಿಯುತ್ತದೆ. ಆ ಕಿರುಗುಟ್ಟುವ ಸದ್ದು ಕೇಳುವವರೆಗೂ ಇವರು ಕುಳಿತಲ್ಲಿಂದ ಏಳುತ್ತಿರಲಿಲ್ಲ.

ಸಾನ್ ಮಾರ್ಕೊ ಚೌಕಕ್ಕೆ ಬೆಳಗಿನ ಆರೂವರೆಗೆ ಹೋದೆವು. ವಲ್ಲರೆಸ್ಸೊ ನಿಲ್ದಾಣದಲ್ಲಿ ಇಳಿದವರು ಸಾಮಾನ್ಯವಾಗಿ ನೀರಂಚಿನ ದಾರಿ ಹಿಡಿಯುತ್ತಾರೆ, ಅಲ್ಲಿ ಸೇತುವೆ ಎದುರಾಗುತ್ತದೆ. ಎದುರಿನ ಓಣಿಯಲ್ಲೇ ನೇರ ಹೋಗಿ ಬಲಕ್ಕೆ ತಿರುಗಿದರೆ ಸೇತುವೆಯಿಲ್ಲದೆ ಚೌಕ ಸೇರಬಹುದು. ಆ ಹೊತ್ತಿನಲ್ಲಿ ಚೌಕದಲ್ಲಿ ಕಸ ಗುಡಿಸುವವರು, ಪಾರಿವಾಳಗಳು ಮತ್ತು ನಾವಿಬ್ಬರು. ಚೌಕದ ಪಕ್ಕದಲ್ಲೇ ಇರುವ, ಹಳೆಯ ವೆನಿಸ್ ಗಣರಾಜ್ಯದ ಮುಖ್ಯಸ್ಥರಾದ ದೋಜ್‌ಗಳ ಅರಮನೆ ತೆರೆದ ಕೂಡಲೇ ಒಳಹೊಕ್ಕೆವು. ಮಹಾಸಭೆಯ ಸಭಾಂಗಣದಲ್ಲಿ, ಸೂರಿನ ಕೆಳಗೆ ಸಾಲಾಗಿರುವ ದೋಜ್‌ಗಳ ಭಾವಚಿತ್ರಗಳ ನಡುವೆ ಒಂದು ಕಡೆ ಮುಖದ ಬದಲು ಕಪ್ಪು ಮುಸುಕನ್ನು ಬರೆದಿದ್ದಾರೆ. ಗಣರಾಜ್ಯದ ವಿರುದ್ಧ ಸಂಚು ಹೂಡಿದ್ದಕ್ಕಾಗಿ 1355ರಲ್ಲಿ ತಲೆ ಕಳೆದುಕೊಂಡ ಮರೀನೊ ಫಲಿಯೇರೊ ಇರಬೇಕಾಗಿದ್ದ ಜಾಗವದು. ಅಷ್ಟೊಂದು ಚಿನ್ನದ ಚೌಕಟ್ಟುಗಳ ನಡುವೆ ನಾನು ಹೆಚ್ಚು ಹೊತ್ತು ನೋಡಿದ್ದು ಆ ಮುಸುಕನ್ನೇ. ಅಲ್ಲಿಂದ ಸೆರೆಮನೆಗೆ ಸಾಗುವ ನಿಟ್ಟುಸಿರಿನ ಸೇತುವೆಯ ಕಲ್ಲಿನ ಜಾಲಂಧ್ರದ ಮುಂದೆ ನಿಂತು ಇವರು, “ಇದನ್ನೂ ಲೆಕ್ಕಕ್ಕೆ ಹಿಡಿಯುತ್ತೀಯಾ?” ಎಂದು ಕೇಳಿದರು. ಹಿಡಿದೆ.

ಎರಡನೆಯ ದಿನ ತಪ್ಪು ನನ್ನದೇ. ರಿಯಾಲ್ಟೊದಲ್ಲಿ 2ನೇ ಮಾರ್ಗದ ದೋಣಿಯನ್ನು ದಿಕ್ಕು ನೋಡದೆ ಹತ್ತಿಸಿದೆ. ಸಾನ್ ಮಾರ್ಕೊ ಕಡೆ ಹೋಗಬೇಕಾದವರು ರೈಲು ನಿಲ್ದಾಣ ದಾಟಿ, ಊರನ್ನು ಹಿಂದಿನಿಂದ ಬಳಸಿಕೊಂಡು ಜುದೆಕ್ಕಾ ಕಾಲುವೆಗೆ ಬಂದೆವು. ಇವರು ಏನೂ ಅನ್ನಲಿಲ್ಲ. ಕೂರಲು ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಹೇಗೂ ಬಂದಾಯಿತೆಂದು ಸಾನ್ ಜೋರ್ಜೊ ಮಜ್ಜೋರೆ ದ್ವೀಪದಲ್ಲಿ ಇಳಿದೆವು. ನಿಲ್ದಾಣದ ಎದುರಿಗೇ ವಾಸ್ತುಶಿಲ್ಪಿ ಪಲ್ಲಾಡಿಯೊ ರೂಪಿಸಿದ ಚರ್ಚು, ಒಳಗೆ ಚಿತ್ರಕಾರ ತಿಂತೊರೆತ್ತೊ ಬರೆದ ಯೇಸುವಿನ ಕಡೆಯ ಭೋಜನದ ಚಿತ್ರ, ಎಲ್ಲಕ್ಕಿಂತ ಮಿಗಿಲಾಗಿ ಗಂಟೆಗೋಪುರಕ್ಕೆ ಲಿಫ್ಟ್. ಸಾನ್ ಮಾರ್ಕೊದ ಗೋಪುರಕ್ಕೂ ಲಿಫ್ಟ್ ಇದೆಯಾದರೂ ಅಲ್ಲಿ ಸರದಿ ಉದ್ದ. ಮೇಲಾಗಿ ಅದನ್ನೇ ಹತ್ತಿ ನಿಂತರೆ ಆ ಗೋಪುರ ಕಾಣುವುದಿಲ್ಲ. ಇಲ್ಲಿಂದ ಅದು, ಅರಮನೆ, ಗುಮ್ಮಟಗಳು ಎಲ್ಲವೂ ನೀರಿನಾಚೆ ಒಂದೇ ನೋಟಕ್ಕೆ ಸಿಗುತ್ತವೆ. 1902ರಲ್ಲಿ ಕುಸಿದು ಬಿದ್ದ ಸಾನ್ ಮಾರ್ಕೊದ ಗೋಪುರವನ್ನು 1912ರ ವೇಳೆಗೆ ಮತ್ತೆ ಅಲ್ಲೇ ಹಾಗೆಯೇ ಕಟ್ಟಿ ನಿಲ್ಲಿಸಿದರೆಂದು ಇವರಿಗೆ ಹೇಳಿದ್ದು ಅಲ್ಲಿಯೇ.

ಗೊಂಡೊಲಾಕ್ಕೆ ಹಗಲಿನಲ್ಲಿ ಅರ್ಧ ಗಂಟೆಗೆ ನಿಗದಿಯಾದ ದರ 90 ಯೂರೊ, ತಲೆಗಲ್ಲ, ದೋಣಿಗೆ. ದುಬಾರಿಯೇ, ಆದರೂ ಒಮ್ಮೆ ಕುಳಿತೆವು. ದೋಣಿ ನೇರವಾಗಿಲ್ಲ, ಎಡಮಗ್ಗುಲು ಬಲಮಗ್ಗುಲಿಗಿಂತ 24 ಸೆಂಟಿಮೀಟರ್ ಅಗಲ; ಹುಟ್ಟು ಒಂದೇ ಬಲಬದಿಯಲ್ಲಿ ಬೀಳುವುದರಿಂದ ದೋಣಿ ಎಡಕ್ಕೆ ಹೊರಳದಿರಲೆಂದು ಹೀಗೆ ಡೊಂಕಾಗಿ ಕಟ್ಟುತ್ತಾರೆ. ನಿಜವಾಗಿ ನಮಗೆ ಉಪಯೋಗಕ್ಕೆ ಬಂದದ್ದು ಅದರ ಬಡ ಬಂಧುವಾದ ತ್ರಗೆತ್ತೊ. ನಮ್ಮ ಕೋಣೆಯ ಹತ್ತಿರದ ಸಾಂತಾ ಸೊಫಿಯಾ ಕಟ್ಟೆಯಿಂದ ಎರಡು ಯೂರೊಗೆ ಮಹಾಕಾಲುವೆ ದಾಟಿಸಿ ರಿಯಾಲ್ಟೊ ಸಂತೆಯ ಬಳಿ ಇಳಿಸುತ್ತಾರೆ. 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆಯನ್ನು ಹತ್ತಿಳಿಯುವ ಕೆಲಸ ಹೀಗೆ ತಪ್ಪಿತು. ಸೇತುವೆ ಚೆಂದವಾಗಿ ಕಾಣುವುದೂ ನೀರಿನಿಂದಲೇ.

ಮುರಾನೊ, ಬುರಾನೊ ದ್ವೀಪಗಳಿಗೆ ಒಂದು ದಿನ ಕೊಟ್ಟೆವು. ಮುರಾನೊದ ಗಾಜಿನ ಅಂಗಡಿಗಳು ಇವರಿಗೆ ಬೇಸರ ತಂದವು, ಬುರಾನೊದ ಬಣ್ಣದ ಮನೆಗಳು ನನಗೆ ಹಿಡಿಸಿದವು.

ಹೊರಡುವ ದಿನ ಸಾಂತಾ ಲೂಚಿಯಾದಿಂದ ರೈಲು ಹಿಡಿಯಬೇಕಿತ್ತು. ಕೋಣೆಯಿಂದ ದೋಣಿ, ದೋಣಿಯಿಂದ ರೈಲು, ನಡುವೆ ಸೇತುವೆ ಸೊನ್ನೆ ಎಂದು ನನ್ನ ಸೇತುವೆ ಲೆಕ್ಕದ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದಿಟ್ಟಿದ್ದೆ. ಪೆಟ್ಟಿಗೆಗಳೊಂದಿಗೆ ಇಳಿದು ತಲೆಯೆತ್ತಿದರೆ ರೈಲು ನಿಲ್ದಾಣದ ಮುಂದೆ ಅದರ ಅಗಲಕ್ಕೂ ಹಾಸಿದ ಮೆಟ್ಟಿಲುಗಳು. ಇವರು ಕೈಚಾಚಿ ಪುಸ್ತಕ ತೆಗೆದುಕೊಂಡು ಸೊನ್ನೆಯನ್ನು ಹೊಡೆದುಹಾಕಿ ಒಂದು ಎಂದು ತಿದ್ದಿದರು.