ಹೀಟ್ ಆಟದಲ್ಲಿ ಗೆಲ್ಲಬೇಕಾದರೆ ಗೇರ್ ಏರಿಸುವ ಮೊದಲು ಎಲೆ ಎಣಿಸಿ

ಹೀಟ್ ಎಂಬ ಕಾರು ಓಟದ ಬೋರ್ಡ್ ಆಟದಲ್ಲಿ ಯಾರು ಸೋಲುತ್ತಾರೆ ಎಂಬುದು ಬಹಳ ಸಲ ಮೊದಲ ಎರಡು ಸರದಿಯಲ್ಲೇ ಗೊತ್ತಾಗಿಬಿಡುತ್ತದೆ. ಓಟ ಶುರುವಾದ ಕೂಡಲೇ ಒಂದು ಹೀಟ್ (ಎಂಜಿನ್‌ನಲ್ಲಿ ಕೂಡಿಟ್ಟ, ಖರ್ಚಿಗೆ ಮಾತ್ರ ಬರುವ, ಇಳಿಸಲು ಬಾರದ ಎಲೆ) ತೆತ್ತು ಒಂದನೇ ಗೇರಿನಿಂದ ಮೂರಕ್ಕೆ ಹಾರುತ್ತಾರೆ, ಕೈಯಲ್ಲಿದ್ದ ದೊಡ್ಡ ಎಲೆಗಳನ್ನೆಲ್ಲ ಸುರಿಯುತ್ತಾರೆ, ಮೊದಲ ತಿರುವಿನ ಹೊತ್ತಿಗೆ ಎಲ್ಲರಿಗಿಂತ ಮುಂದಿರುತ್ತಾರೆ. ಆಮೇಲೆ ಆ ತಿರುವಿನ ಬಾಯಲ್ಲೇ ಒದ್ದಾಡುತ್ತಾರೆ. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಅಕ್ಕನ ಮಗ ಇದೇ ಪಂಗಡದವನು. "ಚಿಕ್ಕಮ್ಮಾ, ನೀನು ಆಡುವುದು ಆಟವಲ್ಲ, ಆಡಿಟ್" ಎನ್ನುತ್ತಾನೆ. ಸಹಕಾರಿ ಸಂಘದ ನಗದು ವಿಭಾಗದಲ್ಲಿ ಕುಳಿತವಳಿಗೆ ಇದು ಬೈಗುಳ ಎನ್ನಿಸುವುದಿಲ್ಲ. ಈ ಆಟವನ್ನು ಗೆಲ್ಲುವುದೂ ಆಡಿಟ್ ಮಾಡುವವರೇ.

ಪೂರ್ತಿ ಹೆಸರು 'ಹೀಟ್: ಪೆಡಲ್ ಟು ದ ಮೆಟಲ್'. ಡೇಸ್ ಆಫ್ ವಂಡರ್ ಸಂಸ್ಥೆ 2022ರಲ್ಲಿ ಹೊರತಂದ ಈ ಆಟದಲ್ಲಿ 1960ರ ದಶಕದ ರೇಸ್ ಕಾರುಗಳು ಓಡುತ್ತವೆ. ದಾಳವಿಲ್ಲ, ಎಲ್ಲವೂ ಎಲೆಯ ಮೇಲೆ. ಬೋರ್ಡ್ ಗೇಮ್ ಅರೇನಾ ಜಾಲತಾಣದಲ್ಲಿ ಆನ್‌ಲೈನ್ ಆಡಬಹುದು. ಎಲ್ಲರೂ ಒಟ್ಟಿಗೆ ಕುಳಿತು ಆಡುವ ವಿಧಾನವೂ ಇದೆ, ಬಿಡುವಾದಾಗ ಬಂದು ಸರದಿ ಮುಗಿಸಿ ಹೋಗುವ ವಿಧಾನವೂ ಇದೆ. ನನಗೆ ಎರಡನೆಯದೇ ಸರಿ. ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ರಾಜಾಜಿನಗರ ದಾಟುವುದರೊಳಗೆ ಗೇರ್ ತೀರ್ಮಾನವಾಗಿರುತ್ತದೆ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವ ಮುನ್ನ ಎಲೆಗಳನ್ನೂ ಆರಿಸಿ ಫೋನ್ ಚೀಲದೊಳಗೆ ಹಾಕುತ್ತೇನೆ. ಅವಸರದಲ್ಲಿ ಆಡುವ ಆಟವಲ್ಲ ಇದು.

ನಿಯಮಗಳನ್ನು ಜಾಲತಾಣವೇ ಕಲಿಸುತ್ತದೆ, ನಾನು ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಗೇರ್ ಒಂದರಿಂದ ನಾಲ್ಕು. ಯಾವ ಗೇರಿನಲ್ಲಿದ್ದೀರೋ ಅಷ್ಟು ಎಲೆ ಇಳಿಸಬೇಕು; ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಲೆಗಳ ಮೊತ್ತವೇ ವೇಗ, ಅಷ್ಟು ಮನೆ ಮುಂದೆ. ಗೇರನ್ನು ಒಂದು ಮೆಟ್ಟಿಲು ಏರಿಸುವುದು ಅಥವಾ ಇಳಿಸುವುದು ಪುಕ್ಕಟೆ, ಎರಡು ಮೆಟ್ಟಿಲಿಗೆ ಒಂದು ಹೀಟ್. ಪ್ರತಿ ತಿರುವಿಗೂ ಒಂದು ವೇಗಮಿತಿ ಇದೆ. ಗೆರೆ ದಾಟುವಾಗ ಮಿತಿಗಿಂತ ಎಷ್ಟು ಹೆಚ್ಚಿದ್ದೀರೋ ಅಷ್ಟು ಹೀಟ್ ಎಂಜಿನ್‌ನಿಂದ ತೆರಬೇಕು. ತೆರಲಾಗದಿದ್ದರೆ ಕಾರು ಗಿರಕಿ ಹೊಡೆದು ತಿರುವಿನ ಹಿಂದಕ್ಕೆ ಬರುತ್ತದೆ, ಗೇರ್ ಒಂದಕ್ಕೆ ಇಳಿಯುತ್ತದೆ, ದಂಡವಾಗಿ ಸ್ಟ್ರೆಸ್ ಎಲೆ (ಎಷ್ಟು ಮನೆ ಓಡಿಸುತ್ತದೆಂದು ಮೊದಲೇ ತಿಳಿಯದ ಎಲೆ) ಬೇರೆ: ಒಂದು ಅಥವಾ ಎರಡನೇ ಗೇರಿನಲ್ಲಿದ್ದರೆ ಒಂದು, ಮೂರು ಅಥವಾ ನಾಲ್ಕರಲ್ಲಿದ್ದರೆ ಎರಡು.

ಈಗ ಕಟ್ಟು. ಆರಂಭದ ಸಾದಾ ಆಟದಲ್ಲಿ ನಿಮ್ಮ ಕಟ್ಟಿನಲ್ಲಿ 18 ಎಲೆ ಇರುತ್ತವೆ. 1, 2, 3, 4 ಅಂಕೆಯವು ಮೂರು ಮೂರು, ಅಂದರೆ 12. ಒಂದು ಸೊನ್ನೆ, ಒಂದು 5, ಒಂದು ಹೀಟ್, ಮೂರು ಸ್ಟ್ರೆಸ್. ಕೈಯಲ್ಲಿ ಯಾವಾಗಲೂ 7, ಆದ್ದರಿಂದ ಕಟ್ಟಿನಲ್ಲಿ ಉಳಿಯುವುದು 11. ಈ 18ರ ಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳಿ. ನಾನು ಹಾಳಾದ ಚಲನ್‌ನ ಹಿಂಬದಿಯಲ್ಲಿ 1ರಿಂದ 4ರ ಕೆಳಗೆ ಮೂರು ಮೂರು ಕಡ್ಡಿ ಎಳೆದು, ಎಲೆ ಹೋದಂತೆಲ್ಲ ಒಂದೊಂದನ್ನು ಹೊಡೆದುಹಾಕುತ್ತೇನೆ. ಮೂರು 1 ಹೋಗಿವೆ, ಎರಡು 2 ಹೋಗಿವೆ, ಮುಂದೆ ಮಿತಿ 2ರ ತಿರುವು ಇದೆ ಎಂದರೆ ಏನಾಗಲಿದೆ ಎಂದು ಆ ಚೂರು ಕಾಗದವೇ ಹೇಳುತ್ತದೆ.

ಕೈ ನೋಡುವ ಬಗೆಯನ್ನು ಒಂದು ಉದಾಹರಣೆಯಲ್ಲೇ ತೋರಿಸುತ್ತೇನೆ. ನಿಧಾನವಾಗಿ ಓದಿ, ಬೇಕಾದರೆ ಎಲೆಗಳನ್ನು ಬರೆದಿಟ್ಟುಕೊಳ್ಳಿ. ನೀವು ಮೂರನೇ ಗೇರಿನಲ್ಲಿದ್ದೀರಿ. ಮುಂದೆ ಮಿತಿ 3ರ ಬಿಗಿ ತಿರುವು. ಅದರ ಗೆರೆಗೆ ಮುಂಚೆ 7 ಮನೆಗಳಿವೆ, 8 ನಡೆದರೆ ದಾಟುತ್ತೀರಿ. ಕೈಯಲ್ಲಿ 4, 4, 3, 2, 1, 1, ಒಂದು ಹೀಟ್. ಗೆರೆಯ ಹಿಂದಿನ ಕೊನೆಯ ಮನೆಯಲ್ಲಿ ನಿಲ್ಲುವುದು ನಿಮ್ಮ ಗುರಿ.

ನಾಲ್ಕಕ್ಕೆ ಏರಿಸಿ 3, 2, 1, 1 ಹಾಕಿದರೆ ಏಳು. ಮೂರರಲ್ಲೇ ಉಳಿದು 4, 2, 1 ಹಾಕಿದರೂ ಏಳು. ಎರಡಕ್ಕೆ ಇಳಿಸಿ 4, 3 ಹಾಕಿದರೂ ಏಳೇ. ಮೂರು ದಾರಿಯಲ್ಲೂ ಕಾರು ನಿಲ್ಲುವುದು ಅದೇ ಮನೆಯಲ್ಲಿ. ಪರದೆಯ ಮೇಲೆ ನೋಡುವವರಿಗೆ ವ್ಯತ್ಯಾಸವೇ ಇಲ್ಲ. ಕೈ ನೋಡಿದರೆ ಮಾತ್ರ ಅಜಗಜಾಂತರ.

ಮೊದಲ ದಾರಿಯಲ್ಲಿ ಸಣ್ಣ ಎಲೆ ಒಂದೂ ಉಳಿಯಲಿಲ್ಲ. ಕೈಯಲ್ಲಿ 4, 4 ಮತ್ತು ಹೀಟ್. ನಾಲ್ಕನೇ ಗೇರಿನಲ್ಲಿ ಬಿಗಿ ತಿರುವಿನ ಬಾಯಿ. ಪುಕ್ಕಟೆಯಾಗಿ ಇಳಿಯಲು ಸಿಗುವುದು ಮೂರಕ್ಕೆ ಮಾತ್ರ, ಅಲ್ಲಿ ಮೂರು ಎಲೆ ಹಾಕಲೇಬೇಕು. ಎರಡನೇ ದಾರಿ ಪರವಾಗಿಲ್ಲ. 3, 1, ಹೀಟ್ ಉಳಿಸಿಕೊಂಡು 4 ಅನ್ನು ಒಗೆದರೆ, ಮುಂದಿನ ಸರದಿಯಲ್ಲಿ ಎರಡನೇ ಗೇರಿನಲ್ಲಿ 3 ಮತ್ತು 1 ಹಾಕಿ ಒಂದು ಹೀಟ್ ತೆತ್ತು ದಾಟಬಹುದು. ಎರಡನೇ ಗೇರ್ ಕೈಯಲ್ಲಿರುವ ಒಂದು ಹೀಟನ್ನು ಎಂಜಿನ್‌ಗೆ ಹಿಂದಿರುಗಿಸುತ್ತದೆ (ಒಂದನೇ ಗೇರ್ ಮೂರನ್ನು), ಅದೂ ತಿರುವಿನ ಲೆಕ್ಕಕ್ಕೆ ಮುಂಚೆಯೇ. ಹಾಗಾಗಿ ಜಮೆ, ಖರ್ಚು ಸಮ.

ಮೂರನೆಯದನ್ನು ನೋಡಿ. ಎರಡಕ್ಕೆ ಇಳಿದದ್ದರಿಂದ ಹೀಟ್ ಈ ಸರದಿಯಲ್ಲೇ ಎಂಜಿನ್ ಸೇರಿತು. ದೊಡ್ಡ ಎಲೆಗಳಲ್ಲಿ ಎರಡು ಖರ್ಚಾದವು, ಉಳಿದ 4 ಅನ್ನು ಒಗೆದಿರಿ. ಕೈಯಲ್ಲಿ 2, 1, 1 ಕಾದಿವೆ, ಹೊಸದಾಗಿ ನಾಲ್ಕು ಎಲೆ ಬರುತ್ತವೆ. ಮುಂದಿನ ಸರದಿಯಲ್ಲಿ ಎರಡನೇ ಗೇರಿನಲ್ಲೇ 2 ಮತ್ತು 1 ಹಾಕಿದರೆ ಸರಿಯಾಗಿ ಮೂರು, ಕಾಸು ಖರ್ಚಿಲ್ಲದೆ ದಾಟುತ್ತೀರಿ. ತಿರುವಿನಾಚೆ ಉದ್ದದ ನೇರ ರಸ್ತೆ ಇದ್ದರೆ ಮೂರಕ್ಕೆ ಏರಿಸಿ 2, 1, 1 ಹಾಕಿ ಒಂದು ಹೀಟ್ ತೆರಿ; ಅದರ ಮುಂದಿನ ಸರದಿಯಲ್ಲಿ ನಾಲ್ಕನೇ ಗೇರ್ ಪುಕ್ಕಟೆ ಸಿಗುತ್ತದೆ. ನಾನಾದರೆ ಹೀಗೆ ಮೂರಕ್ಕೆ ಏರಿಸುವುದನ್ನೇ ಮಾಡುತ್ತೇನೆ. ಒಂದು ಹೀಟ್‌ಗೆ ಇಡೀ ನೇರ ರಸ್ತೆ ಸಿಗುವುದಾದರೆ ಜಿಪುಣತನ ಬೇಡ.

ಅಂದರೆ ಗೇರನ್ನು ವೇಗವೆಂದು ಓದಬೇಡಿ, ಎಷ್ಟು ಎಲೆ ಕೈಬಿಟ್ಟು ಹೋಗುತ್ತವೆ ಎಂದು ಓದಿ. ತಿರುವಿಗೆ ಬರುವಾಗ ಕೆಳಗಿನ ಗೇರಿನಲ್ಲಿ ದೊಡ್ಡ ಎಲೆಗಳು, ತಿರುವಿನಿಂದ ಹೊರಡುವಾಗ ಮೇಲಿನ ಗೇರಿನಲ್ಲಿ ಸಣ್ಣ ಎಲೆಗಳು. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಸರದಿಯ ಕೊನೆಯಲ್ಲಿ ಬೇಡದ ಎಲೆಗಳನ್ನು ಎಷ್ಟು ಬೇಕಾದರೂ ಒಗೆಯಬಹುದು. ಹೀಟ್ ಮತ್ತು ಸ್ಟ್ರೆಸ್ ಮಾತ್ರ ಹಾಗೆ ಹೋಗುವುದಿಲ್ಲ. ಬಹಳ ಜನ ಈ ಹಂತದಲ್ಲಿ ನೋಡದೆಯೇ ಮುಂದಕ್ಕೆ ಒತ್ತಿಬಿಡುತ್ತಾರೆ. ಆಟದ ಅರ್ಧ ಬುದ್ಧಿ ಇರುವುದು ಇಲ್ಲಿ. ನೇರ ರಸ್ತೆಗೆ ಇಳಿಯುತ್ತಿದ್ದರೆ 0, 1ಗಳನ್ನು ಒಗೆಯಿರಿ, ತಿರುವು ಹತ್ತಿರವಿದ್ದರೆ 4, 5ಗಳನ್ನು. ಆದರೆ ಕೈ ಖಾಲಿ ಮಾಡಿದಷ್ಟೂ ಕಟ್ಟು ಬೇಗ ಮುಗಿಯುತ್ತದೆ, ಒಗೆದ ರಾಶಿಯನ್ನು ಕಲಸಿ ಹೊಸ ಕಟ್ಟು ಮಾಡಬೇಕಾಗುತ್ತದೆ. ಆ ರಾಶಿಯಲ್ಲಿ ನೀವು ತೆತ್ತ ಹೀಟ್‌ಗಳೂ ಕುಳಿತಿರುತ್ತವೆ.

ಹೀಟ್‌ನ ಗುಟ್ಟೇ ಅದು. ತೆತ್ತ ಹೀಟ್ ಎಲ್ಲಿಗೂ ಹೋಗುವುದಿಲ್ಲ. ಚೀಟಿಯಲ್ಲಿ ಮೊದಲ ತಿಂಗಳೇ ಕೂಗಿ ಹಣ ಎತ್ತಿಕೊಂಡವರಿಗೆ ಇದು ಗೊತ್ತು: ದುಡ್ಡು ಕೈಗೆ ಬರುತ್ತದೆ, ಕಂತು ತಪ್ಪುವುದಿಲ್ಲ. ಕಂತು ಯಾವಾಗ ಬರುತ್ತದೆ ಎಂಬುದನ್ನು ಮಾತ್ರ ಇಲ್ಲಿ ನೀವು ನಿಭಾಯಿಸಬಹುದು. ಮೂರನೇ ಗೇರಿನಲ್ಲಿ ಮೂರು ಎಲೆ ಇಳಿಸಿ ಒಂದನ್ನು ಒಗೆದರೆ ಸರದಿಗೆ ನಾಲ್ಕು ಎಲೆ ಹೋಗುತ್ತವೆ, 11ರ ಕಟ್ಟು ಮೂರನೇ ಸರದಿಯಲ್ಲಿ ಮುಗಿಯುತ್ತದೆ. ಈಗಷ್ಟೇ ಕಲಸಿದ ಕಟ್ಟು ಮುಂದಿರುವಾಗ ಮೂರು ಹೀಟ್ ತೆತ್ತರೂ ಅವು ಒಂದೆರಡು ಸರದಿಯ ಮಟ್ಟಿಗೆ ನಿಮ್ಮ ತಂಟೆಗೆ ಬರುವುದಿಲ್ಲ. ಕಟ್ಟಿನಲ್ಲಿ ಎರಡೇ ಎಲೆ ಉಳಿದಿರುವಾಗ ತೆತ್ತರೆ ಅವು ಕೂಡಲೇ ಹೊಸ ಕಟ್ಟು ಸೇರುತ್ತವೆ. ಮುಂದೆ ಎರಡು ಬಿಗಿ ತಿರುವುಗಳಿದ್ದು ಹೇಗೂ ಕೆಳಗಿನ ಗೇರಿನಲ್ಲೇ ಹೋಗಬೇಕಿದ್ದರೆ ಹಾಗೆ ಬೇಗ ಬರುವುದೂ ಒಳ್ಳೆಯದೇ, ಏಕೆಂದರೆ ಎಂಜಿನ್‌ಗೆ ಮರಳುವುದು ಕೈಗೆ ಬಂದ ಹೀಟ್ ಮಾತ್ರ. ಉದ್ದದ ನೇರ ರಸ್ತೆಯಲ್ಲಿ ಏಳರಲ್ಲಿ ಮೂರು ಎಲೆ ಹೀಟ್ ಆಗಿ ಕುಳಿತರೆ ನಾಲ್ಕನೇ ಗೇರ್ ಹಾಕಿಯೂ ಪ್ರಯೋಜನವಿಲ್ಲ.

ಸ್ಟ್ರೆಸ್ ಎಲೆಯನ್ನು ಇಳಿಸಿದರೆ ಕಟ್ಟಿನ ಮೇಲಿನಿಂದ 1ರಿಂದ 4ರ ಅಂಕೆ ಸಿಗುವವರೆಗೆ ಎಲೆ ತಿರುಗುತ್ತದೆ. ಸರಾಸರಿ ಎರಡೂವರೆ ಎಂದಿಟ್ಟುಕೊಳ್ಳಿ. ತಿರುವಿಗೆ ದೂರವಿರುವಾಗ ಕಳೆದುಬಿಡಿ, ಗೆರೆಯ ಹತ್ತಿರ ಕೈಯಲ್ಲಿ ಇಟ್ಟುಕೊಳ್ಳಬೇಡಿ. ಒಂದು ಹೀಟ್ ತೆತ್ತು ಮಾಡುವ ಬೂಸ್ಟ್ ಕೂಡ ಇದೇ ರೀತಿ ಎಲೆ ತಿರುಗಿಸುತ್ತದೆ, ಬಂದ ಅಂಕೆ ವೇಗಕ್ಕೆ ಸೇರುತ್ತದೆ. ಅದೇ ಒಂದು ಹೀಟ್‌ಗೆ ಎರಡು ಮೆಟ್ಟಿಲು ಗೇರ್ ಏರಿಸಿದರೆ ನೀವೇ ಆರಿಸಿದ ಒಂದು ಎಲೆ ಹೆಚ್ಚಿಗೆ ಇಳಿಯುತ್ತದೆ. ಕೈಯಲ್ಲಿ 4 ಇದ್ದೂ ಬೂಸ್ಟ್ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಸ್ಲಿಪ್‌ಸ್ಟ್ರೀಮ್ ವಿಷಯಕ್ಕೆ ಬರೋಣ. ನಿಮ್ಮ ನಡೆ ಮುಗಿದಾಗ ಇನ್ನೊಂದು ಕಾರಿನ ಪಕ್ಕದಲ್ಲೋ ಸರಿಯಾಗಿ ಒಂದು ಮನೆ ಹಿಂದೆಯೋ ನಿಂತಿದ್ದರೆ ಎರಡು ಮನೆ ಪುಕ್ಕಟೆ ಸಿಗುತ್ತದೆ. ಈ ಎರಡು ಮನೆ ವೇಗದ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದೇ ಮುಖ್ಯ. ಮಿತಿ 4ರ ತಿರುವಿನ ಗೆರೆಗೆ ಅಂಟಿಕೊಂಡಂತೆ ಒಂದು ಕಾರು ನಿಂತಿದೆ, ನೀವು 4ರ ವೇಗದಲ್ಲಿ ಬಂದು ಅದರ ಪಕ್ಕ ನಿಂತಿರಿ ಎನ್ನಿ. ಸ್ಲಿಪ್‌ಸ್ಟ್ರೀಮ್ ತೆಗೆದುಕೊಂಡರೆ ಗೆರೆ ದಾಟುತ್ತೀರಿ, ವೇಗ ನಾಲ್ಕೇ, ಒಂದು ಹೀಟ್ ಕೂಡ ತೆರಬೇಕಿಲ್ಲ. ಪಕ್ಕದವನು ಮುಂದಿನ ಸರದಿಯಲ್ಲಿ ಸಣ್ಣ ಎಲೆ ಹುಡುಕುತ್ತಿರುವಾಗ ನೀವು ಆಚೆ ಕಡೆ ದೊಡ್ಡವನ್ನು ಸುರಿಯುತ್ತಿರುತ್ತೀರಿ. ಅದೇ ಜಾಗಕ್ಕೆ 7ರ ವೇಗದಲ್ಲಿ ಬಂದು ಆಸೆಬಿದ್ದು ಒತ್ತಿದರೆ ಮೂರು ಹೀಟ್ ಹೋಗುತ್ತದೆ. ಒತ್ತುವ ಮೊದಲು ಈ ಸರದಿಯ ವೇಗ ಎಷ್ಟು ಎಂದು ಒಮ್ಮೆ ಕೇಳಿಕೊಳ್ಳಿ.

ಎಲೆಗಳನ್ನು ಎಲ್ಲರೂ ಒಂದೇ ಸಲ ಆರಿಸುತ್ತಾರೆ, ನಡೆ ಮಾತ್ರ ಮುಂದಿರುವವರಿಂದ ಶುರು. ಆದ್ದರಿಂದ ಸ್ಲಿಪ್‌ಸ್ಟ್ರೀಮ್ ಲಾಭ ಹಿಂದಿರುವವರಿಗೆ ಹೆಚ್ಚು. ಕಟ್ಟಕಡೆಯ ಕಾರಿಗೆ (ಐದು ಅಥವಾ ಹೆಚ್ಚು ಕಾರುಗಳಿದ್ದರೆ ಕಡೆಯ ಎರಡಕ್ಕೆ) ಅಡ್ರಿನಲಿನ್ ಎಂದು ಬೇಕಾದರೆ ಒಂದು ಹೆಚ್ಚು ವೇಗ, ಜೊತೆಗೆ ಒಂದು ಹೀಟ್ ಹಿಂದಿರುಗಿಸುವ ಅವಕಾಶವೂ ಇದೆ. ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದೆವೆಂದು ಕಂಗಾಲಾಗುವವರು ಇದನ್ನು ನೆನಪಿಡಲಿ. ಮೊದಲ ಸುತ್ತಿನಲ್ಲಿ ಮುಂದಿದ್ದವರಿಗೆ ಯಾರೂ ಹಾರ ಹಾಕುವುದಿಲ್ಲ.

ಎದುರಾಳಿಯ ಕೈ ಕಾಣದಿದ್ದರೂ ಅವನ ಗೇರ್ ಕಾಣುತ್ತದೆ, ಎಂಜಿನ್‌ನಲ್ಲಿ ಉಳಿದ ಹೀಟ್ ಕಾಣುತ್ತದೆ. ನಾಲ್ಕನೇ ಗೇರಿನಲ್ಲಿ, ಒಂದೇ ಹೀಟ್ ಉಳಿಸಿಕೊಂಡು ಬಿಗಿ ತಿರುವಿನ ಮುಂದೆ ನಿಂತವನು ಗಿರಕಿ ಹೊಡೆಯುವ ಸಾಧ್ಯತೆಯೇ ಹೆಚ್ಚು. ಅವನ ಹಿಂದೆ ಸ್ಲಿಪ್‌ಸ್ಟ್ರೀಮ್ ನಂಬಿ ಕೂರಬೇಡಿ. ಒಂದು ಮನೆಯಲ್ಲಿ ಎರಡೇ ಕಾರು ಹಿಡಿಯುತ್ತವೆ ಎಂಬುದನ್ನೂ ಮರೆಯಬಾರದು. ತುಂಬಿದ ಮನೆಗೆ ಬಂದರೆ ಹಿಂದಿನ ಮನೆಯಲ್ಲಿ ನಿಲ್ಲಬೇಕು. ನನ್ನ ನಾದಿನಿ ಹಾಸನದಿಂದ ಆಡುತ್ತಾಳೆ. ಗೆರೆಯ ಹಿಂದಿನ ಮನೆಯನ್ನು ಮೊದಲೇ ಹಿಡಿದು ಉಳಿದವರನ್ನು ಸಾಲಾಗಿ ನಿಲ್ಲಿಸುವುದರಲ್ಲಿ ಅವಳು ಪಳಗಿದ ಕೈ.

ಗ್ಯಾರೇಜ್ ನಿಯಮ ಆರಿಸಿಕೊಂಡು ಆಡಿದರೆ ಆರಂಭದ 0, 5, ಹೀಟ್ ಎಲೆಗಳ ಬದಲು ಬೇರೆ ಮೂರನ್ನು ಆರಿಸಬಹುದು. 18ರ ಪಟ್ಟಿ ಬಾಯಿಗೆ ಬರುವವರೆಗೆ ಆ ಗೋಜಿಗೆ ಹೋಗಬೇಡಿ.

ಕೊನೆಯ ಸುತ್ತಿನಲ್ಲಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಮುಕ್ತಾಯದ ಗೆರೆ ದಾಟಿದ ಮೇಲೆ ಎಂಜಿನ್‌ನಲ್ಲಿ ಉಳಿದ ಹೀಟ್‌ಗೆ ಬೆಲೆಯಿಲ್ಲ, ಕೈಗೆ ಬರಲಿರುವ ಹೀಟ್‌ನ ಭಯವೂ ಇಲ್ಲ. ಕಡೆಯ ತಿರುವಿನ ಮಿತಿ 4, ಅಲ್ಲಿಂದ ಗೆರೆಗೆ ಹತ್ತು ಮನೆ, ಎಂಜಿನ್‌ನಲ್ಲಿ ನಾಲ್ಕು ಹೀಟ್ ಎನ್ನಿ. ತಿರುವನ್ನು 7ರಲ್ಲಿ ದಾಟಿ ಮೂರು ತೆರಿ, ಉಳಿದ ಒಂದನ್ನು ಮುಂದಿನ ಸರದಿಯಲ್ಲಿ ಎರಡು ಮೆಟ್ಟಿಲು ಗೇರ್ ಏರಿಸಲೋ ಬೂಸ್ಟ್‌ಗೋ ಬಳಸಿ. ಹೀಗೆ ಖಾಲಿ ಮಾಡಬೇಕಾದರೆ ಅದರ ಹಿಂದಿನ ಸುತ್ತಿನಲ್ಲಿ ಆ ನಾಲ್ಕನ್ನು ಎಂಜಿನ್‌ಗೆ ಮರಳಿಸಿರಬೇಕು; ಕಡೆಯ ಸುತ್ತಿಗೆ ಮುನ್ನ ಒಂದು ಸರದಿಯನ್ನು ಒಂದನೇ ಅಥವಾ ಎರಡನೇ ಗೇರಿನಲ್ಲಿ ಕಳೆದರೂ ಅದು ನಷ್ಟವಲ್ಲ. ಒಂದೇ ಸರದಿಯಲ್ಲಿ ಇಬ್ಬರು ಗೆರೆ ದಾಟಿದರೆ ಗೆರೆಯಿಂದ ಹೆಚ್ಚು ಮುಂದೆ ಹೋದವರೇ ಗೆದ್ದಂತೆ. ಆದ್ದರಿಂದ ದಾಟಿದರೆ ಸಾಕೆಂದು 4 ಅನ್ನು ಕೈಯಲ್ಲಿ ಇಟ್ಟುಕೊಂಡು 1 ಹಾಕಬೇಡಿ.