ಫೋನನ್ನೇ ಸಿಂಥಸೈಜರ್ ಮಾಡಿಕೊಳ್ಳುವಾಗ ಕಂಡುಕೊಂಡದ್ದು

ಫೋನಿನಿಂದ ಒಳ್ಳೆಯ ಪಿಯಾನೊ ನಾದ ಹೊರಡಿಸುವುದು ಕಷ್ಟವಲ್ಲ. ಕೀಲಿ ಒತ್ತಿದ ಕ್ಷಣಕ್ಕೇ ಅದು ಕಿವಿಗೆ ಬೀಳಬೇಕಲ್ಲ, ಕಷ್ಟವಿರುವುದು ಅಲ್ಲಿ.

ನಾನು ಬಳಸುವುದು ಟೈಪ್-ಸಿ ಪೋರ್ಟಿನ ಆಂಡ್ರಾಯ್ಡ್ ಫೋನ್, 49 ಕೀಲಿಗಳ ಯುಎಸ್‌ಬಿ ಮಿಡಿ ಕೀಬೋರ್ಡ್ (ಯಾವ ಕೀಲಿ ಒತ್ತಿದೆ ಎಂಬ ಸಂದೇಶವನ್ನಷ್ಟೇ ಕಳಿಸುವಂಥದ್ದು, ನಾದ ಹೊರಡಿಸುವುದು ಫೋನಿನ ಆ್ಯಪ್), ನಡುವೆ ಅದನ್ನು ಫೋನಿಗೆ ಜೋಡಿಸಲು ಒಂದು ಒಟಿಜಿ ಅಡಾಪ್ಟರ್. ಕೀಬೋರ್ಡ್ 'ಕ್ಲಾಸ್ ಕಂಪ್ಲಯಂಟ್', ಅಂದರೆ ಯುಎಸ್‌ಬಿಯ ಸಾಮಾನ್ಯ ಮಾನದಂಡ ಪಾಲಿಸುವಂಥದ್ದು, ಆಗಿದ್ದರೆ ಬೇರೆ ಡ್ರೈವರ್ ತಂತ್ರಾಂಶ ಬೇಕಿಲ್ಲ. ಆಂಡ್ರಾಯ್ಡ್ 6ರಿಂದೀಚೆಗೆ ಮಿಡಿ ಬೆಂಬಲ ವ್ಯವಸ್ಥೆಯೊಳಗೇ ಇದೆ. ಫೋನಿನ ಯುಎಸ್‌ಬಿ ಸೆಟ್ಟಿಂಗ್‌ನಲ್ಲಿ 'ಮಿಡಿ' ಅನ್ನುವ ಆಯ್ಕೆ ಕಂಡು ಹಲವರು ಅದನ್ನು ಒತ್ತುತ್ತಾರೆ. ಅದಿರುವುದು ಫೋನನ್ನು ಕಂಪ್ಯೂಟರಿಗೆ ಜೋಡಿಸಿದಾಗ. ಇಲ್ಲಿ ಅದರ ಗೊಡವೆ ಬೇಡ. ಕೀಬೋರ್ಡನ್ನು ಮೊದಲು ಸಿಕ್ಕಿಸಿ, ಆಮೇಲೆ ಆ್ಯಪ್ ತೆರೆಯುತ್ತೇನೆ. ಕೆಲವು ಆ್ಯಪ್‌ಗಳು ಶುರುವಾಗುವಾಗ ಮಾತ್ರ ಮಿಡಿ ಸಾಧನಗಳನ್ನು ಹುಡುಕುತ್ತವೆ.

ಈಗ ವಿಳಂಬದ ಲೆಕ್ಕ. ಫೋನ್ ನಾದವನ್ನು ಸ್ಯಾಂಪಲ್ ಎಂಬ ಸಣ್ಣ ತುಣುಕುಗಳಲ್ಲಿ ತಯಾರಿಸುತ್ತದೆ. ಒಮ್ಮೆಗೆ ಕೂಡಿಟ್ಟು ಕಳಿಸುವ ತುಣುಕುಗಳ ಗುಂಪು ಬಫರ್, ಸೆಕೆಂಡಿಗೆ ಎಷ್ಟು ತುಣುಕು ಎಂಬುದು ಸ್ಯಾಂಪಲ್ ರೇಟ್. ಬಫರ್ ಗಾತ್ರವನ್ನು ಸ್ಯಾಂಪಲ್ ರೇಟಿನಿಂದ ಭಾಗಿಸಿದರೆ ಸಮಯ ಸಿಗುತ್ತದೆ. 48,000 ಹರ್ಟ್ಸ್‌ನಲ್ಲಿ 1024ರ ಬಫರ್ ಎಂದರೆ 21 ಮಿಲಿಸೆಕೆಂಡ್. 240 ಎಂದರೆ 5. ಇದರ ಮೇಲೆ ಫೋನಿನದೇ ಒಂದಿಷ್ಟು ವಿಳಂಬ ಸೇರಿಕೊಳ್ಳುತ್ತದೆ. 1024 ಇಟ್ಟು ವೇಗದ ಸ್ವರಗಳನ್ನು ನುಡಿಸಿ ನೋಡಿ: ಬೆರಳು ಮುಂದಿನ ಕೀಲಿಗೆ ಹೋದ ಮೇಲೆ ಹಿಂದಿನ ಸ್ವರ ಬಂದಂತಾಗಿ ಕೈ ತಾನಾಗಿ ನಿಧಾನವಾಗುತ್ತದೆ. ನಾನು 240ರಿಂದ ಶುರುಮಾಡಿ, ಅಷ್ಟು ಬೇಗ ನಾದ ತಯಾರಿಸಲು ಫೋನಿಗೆ ಆಗದೆ ಪಟಪಟ ಸದ್ದು ಬಂದರೆ ಮಾತ್ರ ಒಂದೊಂದೇ ಮೆಟ್ಟಿಲು ಏರಿಸುತ್ತೇನೆ. ಏರಿಸುವ ಮುನ್ನ ಪಾಲಿಫೊನಿಯನ್ನು (ಒಟ್ಟಿಗೆ ಮೊಳಗಬಲ್ಲ ಸ್ವರಗಳ ಸಂಖ್ಯೆ) 64ರಿಂದ 32ಕ್ಕೆ ಇಳಿಸಿ, ಬ್ಯಾಟರಿ ಸೇವರ್ ತೆಗೆದು ನೋಡುವುದು ಮೇಲು. ಸ್ಯಾಂಪಲ್ ರೇಟ್ ಫೋನಿನ ಸಹಜ ದರದ್ದೇ ಇರಲಿ, ಹೆಚ್ಚಿನ ಫೋನುಗಳಲ್ಲಿ ಅದು 48,000. ಆ್ಯಪ್ 44,100 ಕೇಳಿದರೆ ನಡುವೆ ಪರಿವರ್ತನೆ ನಡೆದು ವಿಳಂಬ ಹೆಚ್ಚಬಹುದು. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಅದರ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುತ್ತದೆ, ಯಾವ ಸೆಟ್ಟಿಂಗೂ ಅದನ್ನು ಸರಿಮಾಡದು.

ನಾದಕ್ಕೆ ಎಸ್‌ಎಫ್‌2 ಸೌಂಡ್‌ಫಾಂಟ್ (ವಾದ್ಯಗಳ ಧ್ವನಿಮುದ್ರಿತ ನಾದಗಳನ್ನು ತುಂಬಿದ ಫೈಲ್) ಓದುವ ಆ್ಯಪ್ ಸಾಕು. ನೂರಾರು ಎಂಬಿಯ ಫೈಲಿಗಿಂತ ಚೆನ್ನಾಗಿ ಮಾಡಿದ 30 ಎಂಬಿಯ ಫೈಲೇ ನನಗೆ ಇಷ್ಟ, ಬೇಗ ತೆರೆದುಕೊಳ್ಳುತ್ತದೆ.

ಕೀಬೋರ್ಡಿನ ದೀಪ ಮಿಣುಕಿ ಆರಿಹೋದರೆ ವಿದ್ಯುತ್ ಸಾಲುತ್ತಿಲ್ಲ ಎಂದರ್ಥ. ಪ್ಯಾಡ್‌ಗಳ ಎಲ್‌ಇಡಿ ಬೆಳಕು ತಗ್ಗಿಸಿ, ಆಗದಿದ್ದರೆ ಸ್ವಂತ ಚಾರ್ಜಿಂಗ್ ಇರುವ ಹಬ್ ಹಾಕಿ. ಆದರೆ ಚಾರ್ಜರ್ ಸಿಕ್ಕಿಸಿದಾಗ ಆಂಪ್ಲಿಫೈಯರಿನಲ್ಲಿ ಗುಂಯ್ ಅನ್ನುವುದುಂಟು, ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಭೂಸಂಪರ್ಕವಾಗಿ ಹುಟ್ಟುವ ಸದ್ದು. ಫೋನಿಗೂ ಆಂಪ್ಲಿಫೈಯರಿಗೂ ನಡುವೆ ಡಿಐ ಬಾಕ್ಸ್ ಎಂಬ ಆಡಿಯೊ ಜೋಡಣೆ ಪೆಟ್ಟಿಗೆ ಇಟ್ಟು, ಆ ಭೂಸಂಪರ್ಕ ಕಡಿಯುವ 'ಗ್ರೌಂಡ್ ಲಿಫ್ಟ್' ಗುಂಡಿ ಒತ್ತಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಸಸ್ಟೇನ್ ಪೆಡಲ್ (ಕಾಲಲ್ಲಿ ಒತ್ತಿದಾಗ ಸ್ವರವನ್ನು ಹಿಡಿದಿಡುವಂಥದ್ದು) ಉಲ್ಟಾ ಕೆಲಸ ಮಾಡಿದರೆ, ಅಂದರೆ ಕಾಲು ತೆಗೆದಾಗ ಸ್ವರ ಹಿಡಿದುಕೊಂಡರೆ, ಪೆಡಲ್ ಕೆಟ್ಟಿಲ್ಲ. ಹಲವು ಕೀಬೋರ್ಡುಗಳು ಆನ್ ಆಗುವಾಗ ಪೆಡಲ್ ಇರುವ ಸ್ಥಿತಿಯನ್ನೇ 'ಬಿಟ್ಟಿದ್ದು' ಎಂದುಕೊಳ್ಳುತ್ತವೆ. ಕಾಲನ್ನು ದೂರವಿಟ್ಟು ಕೀಬೋರ್ಡಿನ ಯುಎಸ್‌ಬಿ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ.