ಎಣ್ಣೆ ಪದರವೋ, ನೀರಿನ ಪದರವೋ: ಲಾಗ್ ಓದುವ ಕ್ರಮ

ಭೂಗರ್ಭದ ಎಣ್ಣೆ ಕೆರೆಯಂತೆ ತುಂಬಿ ನಿಂತಿರುವುದಿಲ್ಲ. ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಉಪ್ಪುನೀರಿನ ಜೊತೆಗೇ ಇರುತ್ತದೆ. ಉಪ್ಪುನೀರು ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡುತ್ತದೆ, ಎಣ್ಣೆ ಬಿಡುವುದಿಲ್ಲ. 1927ರಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಮೊದಲ ವಿದ್ಯುತ್ ಲಾಗ್ (ಕೊರೆದ ಬಾವಿಯೊಳಗೆ ಉಪಕರಣ ಇಳಿಸಿ ಆಳದುದ್ದಕ್ಕೂ ತೆಗೆಯುವ ಅಳತೆಯ ದಾಖಲೆ) ತೆಗೆದದ್ದು ಈ ರೋಧಶೀಲತೆಯನ್ನು, ಅಂದರೆ ವಿದ್ಯುತ್ ಹರಿವಿಗೆ ಕಲ್ಲು ಒಡ್ಡುವ ತಡೆಯನ್ನು, ಅಳೆದೇ.

ಆದರೂ ಮೊದಲು ನೋಡಬೇಕಾದದ್ದು ಗಾಮಾ ಕಿರಣದ ಗೆರೆ, ಅಂದರೆ ಕಲ್ಲಿನ ಸಹಜ ವಿಕಿರಣದ ಅಳತೆ. ಸಾಮಾನ್ಯವಾಗಿ ಅದು ಕಡಿಮೆಯಿದ್ದಲ್ಲಿ ಶುದ್ಧ ಮರಳುಗಲ್ಲು, ಹೆಚ್ಚಿದ್ದಲ್ಲಿ ಜೇಡಿಗಲ್ಲು. ಜೇಡಿಗಲ್ಲನ್ನು ಬದಿಗಿಡಿ. ಬಾವಿಯ ವ್ಯಾಸದ ಲಾಗನ್ನೂ ಗಮನಿಸಿ: ಗೋಡೆ ಕುಸಿದು ಅಗಲವಾದ ಕಡೆ ಸಾಂದ್ರತೆಯ ಅಳತೆಯನ್ನು ನಂಬುವಂತಿಲ್ಲ.

ಮುಂದಿನದು ಸರಂಧ್ರತೆ, ಅಂದರೆ ಕಲ್ಲಿನಲ್ಲಿ ರಂಧ್ರಗಳ ಪಾಲು. ಮರಳುಗಲ್ಲಿನ ಕಣದ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂ, ರಂಧ್ರದಲ್ಲಿನ ದ್ರವದ್ದು 1.0 ಎಂದು ಹಿಡಿಯಿರಿ. ಸಾಂದ್ರತೆಯ ಲಾಗ್ 2.32 ತೋರಿಸಿದರೆ 0.33ನ್ನು (2.65 − 2.32) 1.65ರಿಂದ (2.65 − 1.0) ಭಾಗಿಸಿ, ಬರುವ 0.20 ಎಂದರೆ ಶೇ 20 ರಂಧ್ರ.

ಈಗ ಅದೇ ಬಾವಿಯಲ್ಲಿ, ಖಚಿತವಾಗಿ ನೀರೇ ಇರುವ ಶುದ್ಧ ಮರಳುಗಲ್ಲಿನ ಪದರವೊಂದನ್ನು ಹುಡುಕಿ. ಇಡೀ ಲೆಕ್ಕಕ್ಕೆ ಆಧಾರ ಇದೇ. ಇಲ್ಲಿ ಅವಸರ ಬೇಡ. ಅಲ್ಲಿಯೂ ಸರಂಧ್ರತೆ 0.20 ಇದ್ದು, ಬಾವಿಯ ಗೋಡೆಯಿಂದ ದೂರ, ಕಲ್ಲಿನ ಒಳಭಾಗದಲ್ಲಿ ಅಳೆದ ರೋಧಶೀಲತೆ 1.25 ಓಮ್-ಮೀಟರ್ ಎಂದುಕೊಳ್ಳಿ. ಅದನ್ನು ಸರಂಧ್ರತೆಯ ವರ್ಗದಿಂದ (0.04) ಗುಣಿಸಿದರೆ ನೀರಿನದೇ ರೋಧಶೀಲತೆ ಸಿಗುತ್ತದೆ: 0.05.

ಅನುಮಾನದ ಪದರ ಅಷ್ಟೇ ಸರಂಧ್ರತೆಯಲ್ಲಿ 20 ಓಮ್-ಮೀಟರ್ ತೋರಿಸಿದರೆ, ಅಮೆರಿಕದ ಎಂಜಿನಿಯರ್ ಆರ್ಚಿ 1942ರಲ್ಲಿ ಕೊಟ್ಟ ಸೂತ್ರದ ಪ್ರಕಾರ ನೀರಿನ ಪದರದ 1.25ನ್ನು 20ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಉತ್ತರ 0.25. ರಂಧ್ರಗಳಲ್ಲಿ ನೀರು ಕಾಲುಭಾಗ, ಉಳಿದ ಮುಕ್ಕಾಲು ಎಣ್ಣೆ ಅಥವಾ ಅನಿಲ. (ಸೂತ್ರದ ಘಾತಗಳೆರಡನ್ನೂ 2 ಎಂದು ಹಿಡಿದಿದ್ದೇವೆ, ಸುಣ್ಣಕಲ್ಲಿಗೆ ಕಲ್ಲಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಅಳೆಯದೆ ಹೀಗೆ ಮಾಡಬೇಡಿ.) ನ್ಯೂಟ್ರಾನ್ ಲಾಗ್ (ಕಲ್ಲಿಗೆ ನ್ಯೂಟ್ರಾನ್ ಹಾಯಿಸಿ ತೆಗೆಯುವ ಅಳತೆ) ತೋರಿಸುವ ಸರಂಧ್ರತೆ ಸಾಂದ್ರತೆಯಿಂದ ಲೆಕ್ಕ ಹಾಕಿದ ಸರಂಧ್ರತೆಗಿಂತ ಸ್ಪಷ್ಟವಾಗಿ ಕೆಳಗಿಳಿದಿದ್ದರೆ ಅದು ಅನಿಲದ ಗುರುತು.

ಎಡವುವುದು ಎಲ್ಲಿ? ರೋಧಶೀಲತೆ ಹೆಚ್ಚಿದೆ ಎಂದ ಮಾತ್ರಕ್ಕೆ ಎಣ್ಣೆಯಲ್ಲ. ಸಿಹಿನೀರಿನ ಪದರವೂ, ರಂಧ್ರವೇ ಇಲ್ಲದ ಗಟ್ಟಿ ಕಲ್ಲೂ ಹಾಗೇ ಕಾಣುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಜೇಡಿ ಅಥವಾ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಬೆರೆತ ಎಣ್ಣೆ ಪದರ ವಿದ್ಯುತ್ ಹರಿಯಬಿಟ್ಟು ನೀರಿನಂತೆ ನಟಿಸುತ್ತದೆ. ಒಳ್ಳೆಯ ಪದರಗಳು ಹೀಗೆ ಕೈತಪ್ಪಿರುವುದುಂಟು. ಬಾವಿ ಕೊರೆಯುವಾಗ ಬಳಸುವ ಕೆಸರಿನ ನೀರು ಗೋಡೆಯೊಳಗೆ ಇಳಿದಿರುವುದರಿಂದ ಗೋಡೆಗೆ ಹತ್ತಿರದ ರೋಧಶೀಲತೆಯ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಸಂಶಯ ಉಳಿದರೆ ಒಂದೇ ಪದರದ ಹಲವು ಆಳಗಳಲ್ಲಿ ಒತ್ತಡ ಅಳೆಯಿರಿ. ಮೀಟರಿಗೆ ಸುಮಾರು 10 ಕಿಲೋಪ್ಯಾಸ್ಕಲ್ ಏರಿದರೆ ನೀರು, 7–8 ಆದರೆ ಎಣ್ಣೆ, 1–2 ಆದರೆ ಅನಿಲ. ಆಳ–ಒತ್ತಡದ ನಕ್ಷೆಯಲ್ಲಿ ಎಣ್ಣೆಯ ಗೆರೆ, ನೀರಿನ ಗೆರೆ ಸಂಧಿಸುವ ಆಳವೇ ಹೆಚ್ಚುಕಡಿಮೆ ಎಣ್ಣೆ–ನೀರಿನ ಗಡಿ. ತೀರಾ ತೆಳು ಪದರದಲ್ಲಿ ಈ ಉಪಾಯ ನಡೆಯದು, ದ್ರವದ ಮಾದರಿಯನ್ನೇ ತೆಗೆಯಬೇಕು. ಆಗಲೂ ಮೊದಲು ಬರುವುದು ಕೆಸರಿನ ನೀರು. ಹೊರಬರುವ ದ್ರವದ ಗುಣ ಸ್ಥಿರವಾಗುವವರೆಗೆ ಪಂಪ್ ಮಾಡಿ, ಆಮೇಲೆ ಸೀಸೆ ತುಂಬಿಸಿ.